ಗೂಢಚಾರರ ಅಡುಗೆಮನೆಯಲ್ಲಿ ಕನ್ನಡ

ಬ್ರಿಟನ್ನಿನ ಗೂಢಚರ್ಯೆ ಸಂಸ್ಥೆ ಜಿಸಿಎಚ್‌ಕ್ಯೂ 2016ರಲ್ಲಿ ತನ್ನದೊಂದು ಅಡುಗೆಮನೆಯ ಬಾಗಿಲನ್ನು ಊರಿಗೆಲ್ಲ ತೆರೆದಿಟ್ಟಿತು. ಹೆಸರು ಸೈಬರ್‌ಶೆಫ್. ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ಲೆಚ್ಲಿ ಪಾರ್ಕಿನಲ್ಲಿ ಕೂತು ಜರ್ಮನ್ನರ ಎನಿಗ್ಮಾ ಯಂತ್ರದ ಸಂದೇಶಗಳನ್ನು ಬಿಡಿಸಿದವರ ವಾರಸುದಾರ ಸಂಸ್ಥೆ ಇದು. ಬಾಯಿ ಬಿಡದಿರುವುದೇ ಇವರ ಕಸುಬು. ಅಂಥವರು ತಮ್ಮ ದಿನಬಳಕೆಯ ಸಲಕರಣೆಯೊಂದನ್ನು ಒಳಗಿನ ಕೋಡ್ ಸಮೇತ ಬಿಟ್ಟುಕೊಟ್ಟರೆ ಅನುಮಾನ ಬರುವುದು ಸಹಜ. ನನಗೂ ಬಂದಿತ್ತು. ಬಳಸಿ ನೋಡಿದ ಮೇಲೆ ಅನುಮಾನ ಹೋಗಿ ಹುಚ್ಚು ಹಿಡಿಯಿತು.

ಅಡುಗೆಮನೆ ಎಂದದ್ದು ನಾನಲ್ಲ, ಅವರೇ. ಪರದೆಯ ಎಡಗಡೆ ಡಬ್ಬಿಗಳ ಸಾಲು: ರೋಮನ್ನರ ಕಾಲದ ಗೂಢಲಿಪಿಯಿಂದ ಇವತ್ತಿನ ಬ್ಯಾಂಕುಗಳು ಬಳಸುವ ಲಿಪಿಯವರೆಗೆ ನೂರಾರು ಬಗೆ. ನಡುವೆ ‘ರೆಸಿಪಿ’ ಎಂಬ ಖಾಲಿ ಅಂಕಣ. ಬಲಗಡೆ ಮೇಲೆ ನಾವು ಹಾಕುವ ಪಠ್ಯ, ಕೆಳಗೆ ಬೆಂದು ಬರುವ ಪಠ್ಯ. ಬೇಕಾದ ಡಬ್ಬಿಯನ್ನು ಎಳೆದು ನಡುವಿನ ಅಂಕಣದಲ್ಲಿ ಬಿಟ್ಟು ‘ಬೇಕ್’ ಗುಂಡಿ ಒತ್ತಿದರೆ ಮುಗಿಯಿತು. ಒಂದರ ಕೆಳಗೆ ಒಂದರಂತೆ ನಾಲ್ಕು ಡಬ್ಬಿ ಇಟ್ಟರೆ ಅದೇ ಸರದಿಯಲ್ಲಿ ಬೇಯುತ್ತದೆ. ಇದನ್ನು ಇನ್‌ಸ್ಟಾಲ್ ಮಾಡಬೇಕಿಲ್ಲ, ಎಲ್ಲವೂ ಬ್ರೌಸರಿನೊಳಗೇ ನಡೆಯುತ್ತದೆ. ನೀವು ಹಾಕಿದ ಪಠ್ಯ ನಿಮ್ಮ ಕಂಪ್ಯೂಟರಿನಿಂದ ಆಚೆ ಹೋಗುವುದಿಲ್ಲ. ಅದರ ಮೇಲೂ ನಂಬಿಕೆ ಬಾರದವರು ಇಡೀ ಸಲಕರಣೆಯನ್ನು ಇಳಿಸಿಕೊಂಡು, ಇಂಟರ್ನೆಟ್ಟಿನ ತಂತಿ ಕಿತ್ತುಹಾಕಿ ಕೂತು ಬಳಸಬಹುದು.

ಮೊದಲು ಎಲ್ಲರೂ ಮುಟ್ಟುವುದು ಸೀಸರನ ಡಬ್ಬಿಯನ್ನು. ಜೂಲಿಯಸ್ ಸೀಸರ್ ತನ್ನ ಖಾಸಗಿ ಪತ್ರಗಳಲ್ಲಿ ಪ್ರತಿ ಅಕ್ಷರದ ಬದಲು ವರ್ಣಮಾಲೆಯಲ್ಲಿ ಅದಕ್ಕಿಂತ ಮೂರು ಮನೆ ಮುಂದಿರುವ ಅಕ್ಷರವನ್ನು ಬರೆಯುತ್ತಿದ್ದನೆಂದು ರೋಮನ್ ಇತಿಹಾಸಕಾರ ಸೂಟೋನಿಯಸ್ ದಾಖಲಿಸಿದ್ದಾನೆ. ಅವನ ಉತ್ತರಾಧಿಕಾರಿ ಅಗಸ್ಟಸ್ ಇನ್ನೂ ಸೋಮಾರಿ, ಒಂದೇ ಮನೆ ಸರಿಸುತ್ತಿದ್ದ. ಸೈಬರ್‌ಶೆಫ್‌ನಲ್ಲಿ ಇದಕ್ಕೆ ‘ರಾಟ್ 13’ ಎಂಬ ಹೆಸರು. ಎಷ್ಟು ಮನೆ ಎಂಬ ಅಂಕಿಯನ್ನು ನಾವೇ ಬದಲಿಸಬಹುದು. ಇಂಗ್ಲಿಷಿನ 26 ಅಕ್ಷರಗಳ ಅರ್ಧ 13 ಆದ್ದರಿಂದ, 13 ಮನೆ ಸರಿಸಿದ ಪಠ್ಯವನ್ನು ಮತ್ತೊಮ್ಮೆ 13 ಮನೆ ಸರಿಸಿದರೆ ಮೂಲ ಪಠ್ಯವೇ ಎದ್ದು ಬರುತ್ತದೆ. ಅದರ ಪಕ್ಕದಲ್ಲೇ ಇನ್ನೊಂದು ಡಬ್ಬಿ ಇದೆ. ಅದು ಸಾಧ್ಯವಿರುವ 25 ಸರಿತಗಳನ್ನೂ ಒಂದರ ಕೆಳಗೊಂದು ಸಾಲಾಗಿ ಬರೆದು ಮುಂದಿಡುತ್ತದೆ. ಯಾವ ಸಾಲು ಓದಲು ಬರುತ್ತದೋ ಅದೇ ಉತ್ತರ. ಒಂದು ಸಾಮ್ರಾಜ್ಯದ ಗುಟ್ಟನ್ನು ಬಿಡಿಸಲು ಹಿಡಿಯುವ ಹೊತ್ತು ಸೊಪ್ಪಿನ ಪಟ್ಟಿ ಓದುವಷ್ಟೇ.

ಸರಿ, ಎಲ್ಲ ಅಕ್ಷರಗಳನ್ನೂ ಸಮನಾಗಿ ಸರಿಸುವ ಬದಲು ಮನಬಂದಂತೆ ಅದಲುಬದಲು ಮಾಡಿದರೆ? ಆಗ ಇಂಗ್ಲಿಷಿನಲ್ಲಿ ಸಾಧ್ಯವಿರುವ ಕೀಲಿಗಳ ಸಂಖ್ಯೆ 27 ಅಂಕಿಗಳಷ್ಟು ಉದ್ದವಾಗುತ್ತದೆ. ಒಂದೊಂದಾಗಿ ನೋಡುತ್ತ ಕೂರುವ ಮಾತೇ ಇಲ್ಲ. ಆದರೆ ಒಂಬತ್ತನೇ ಶತಮಾನದ ಬಾಗ್ದಾದಿನಲ್ಲಿ ಅಲ್ ಕಿಂದಿ ಎಂಬ ಪಂಡಿತ ಇದನ್ನೂ ಬಿಡಿಸುವ ದಾರಿ ಬರೆದಿಟ್ಟ. ಯಾವ ಭಾಷೆಯಲ್ಲೂ ಎಲ್ಲ ಅಕ್ಷರಗಳೂ ಸಮನಾಗಿ ಬರುವುದಿಲ್ಲ. ಆ ಭಾಷೆಯ ಸಾಧಾರಣ ಬರಹದಲ್ಲಿ ಯಾವುದು ಎಷ್ಟು ಸಲ ಬರುತ್ತದೆ ಎಂದು ಎಣಿಸಿ, ಗೂಢಪಠ್ಯದಲ್ಲಿ ಯಾವ ಚಿಹ್ನೆ ಎಷ್ಟು ಸಲ ಬಂದಿದೆ ಎಂದು ಎಣಿಸಿ, ಎರಡನ್ನೂ ಜೋಡಿಸಿ ನೋಡು ಎಂದ. ವೇಷ ಬದಲಿಸಿದ ಮಾತ್ರಕ್ಕೆ ನಡಿಗೆ ಬದಲಾಗುವುದಿಲ್ಲವಲ್ಲ.

ಇಲ್ಲಿಯವರೆಗೆ ಎಲ್ಲ ಸಲೀಸು. ಕಷ್ಟ ಶುರುವಾದದ್ದು ಒಂಬತ್ತನೇ ತರಗತಿಯಲ್ಲಿರುವ ಅಕ್ಕನ ಮಗಳು ಬಂದು ಪಕ್ಕದಲ್ಲಿ ಕೂತಾಗ. “ಇಂಗ್ಲಿಷ್ ಯಾಕೆ ಮಾಮ, ಕನ್ನಡ ಹಾಕು” ಅಂದಳು. ‘ಮೈಸೂರು’ ಎಂದು ಬರೆದು ಸೀಸರನ ಡಬ್ಬಿಗೆ ಹಾಕಿದೆ. ಕೆಳಗೆ ‘ಮೈಸೂರು’ ಎಂದೇ ಬಂತು. ಸಲಕರಣೆಗೆ ಕನ್ನಡ ಕಣ್ಣಿಗೇ ಬಿದ್ದಿರಲಿಲ್ಲ. ಇಂಗ್ಲಿಷ್ ಅಕ್ಷರವಲ್ಲದ್ದನ್ನೆಲ್ಲ ಅದು ಅಲ್ಪವಿರಾಮ, ಪೂರ್ಣವಿರಾಮಗಳಂತೆ ಹಾಗೇ ಬಿಟ್ಟುಬಿಡುತ್ತದೆ. ವಿಜನೇರ್ ಎಂಬ ಇನ್ನೊಂದು ಗೂಢಲಿಪಿಯ ಡಬ್ಬಿ ತೆಗೆದು ಕೀಲಿಪದದ ಜಾಗದಲ್ಲಿ ‘ಕಮಲ’ ಎಂದು ಬರೆದೆವು. ಕೀಲಿಯಲ್ಲಿ ಅಕ್ಷರಗಳು ಮಾತ್ರ ಇರಬೇಕು ಎಂಬ ತಕರಾರು ಬಂತು. “ಹಾಗಾದ್ರೆ ಇದೇನು, ಅಕ್ಷರ ಅಲ್ವಾ?” ಎಂದು ಹುಡುಗಿ ಪರದೆಯನ್ನೇ ಗದರಿಸಿದಳು. ಅವಳ ಸಿಟ್ಟು ನ್ಯಾಯವಾದದ್ದೇ. ಆದರೆ ಆ ತಕರಾರಿನಲ್ಲಿ ಒಂದು ಒಳ್ಳೆಯ ಪ್ರಶ್ನೆಯೂ ಅಡಗಿತ್ತು. ಕನ್ನಡದಲ್ಲಿ ಅಕ್ಷರ ಎಂದರೆ ಯಾವುದು?

‘ಮೈ’ ಎಂಬುದನ್ನು ನಾವು ಒಂದು ಅಕ್ಷರ ಎನ್ನುತ್ತೇವೆ. ಕಂಪ್ಯೂಟರಿಗೆ ಅದು ಎರಡು: ಮಕಾರ ಒಂದು, ಐತ್ವ ಒಂದು. ಯೂನಿಕೋಡ್ ಎಂಬ ಜಾಗತಿಕ ಪಟ್ಟಿಯಲ್ಲಿ ಕನ್ನಡಕ್ಕೆಂದು 128 ಆಸನಗಳನ್ನು ಕಾದಿರಿಸಿದ್ದಾರೆ. ಸ್ವರ, ವ್ಯಂಜನ, ಕೊಂಬು, ಗುಡಿಸು, ಏತ್ವ, ಅಂಕಿ ಎಲ್ಲಕ್ಕೂ ಒಂದೊಂದು ಆಸನ. ಈ ಸಾಲಿನಲ್ಲೇ ಸೀಸರನಂತೆ ಮೂರು ಆಸನ ಮುಂದೆ ಸರಿಸಿದರೆ ಏನಾಗುತ್ತದೆಂದು ಕಾಗದದ ಮೇಲೆ ಮಾಡಿ ನೋಡಿದೆವು. ‘ಮೈಸೂರು’ ಪದದ ಮಕಾರ ಹೋಗಿ ಹಳಗನ್ನಡದ ಱಕಾರವಾಯಿತು, ಐತ್ವ ಹೋಗಿ ಓತ್ವದ ದೀರ್ಘವಾಯಿತು. ಸಕಾರವೂ ಅದರ ಕೊಂಬಿನ ದೀರ್ಘವೂ ಯಾರೂ ಕೂರದ ಖಾಲಿ ಆಸನಗಳ ಮೇಲೆ ಬಿದ್ದವು, ಅಂದರೆ ಪರದೆಯ ಮೇಲೆ ಎರಡು ಬರಿಯ ಚೌಕ. ಕೊನೆಯ ‘ರು’ ಹೋಗಿ ‘ಳೄ’ ಆಯಿತು. ಇದನ್ನು ಯಾರ ನಾಲಿಗೆಯೂ ನುಡಿಯಲಾರದು.

ಖಾಲಿ ಆಸನಗಳು ಯಾಕಿವೆ ಎಂಬುದೂ ಸ್ವಾರಸ್ಯದ ಕಥೆ. ಭಾರತದ ಪ್ರಮುಖ ಲಿಪಿಗಳನ್ನೆಲ್ಲ ಒಂದೇ ಅಳತೆಯ ಬಸ್ಸಿನಲ್ಲಿ ಕೂರಿಸಿದ್ದಾರೆ. ಯಾವ ಲಿಪಿಯ ‘ಕ’ ಆದರೂ ಅದೇ ನಂಬರಿನ ಸೀಟು. ತಮಿಳಿಗೆ ಎರಡು ಬಗೆಯ ನಕಾರಗಳಿವೆ, ಹಾಗಾಗಿ ನಮ್ಮ ಬಸ್ಸಿನಲ್ಲಿ ‘ನ’ ಮತ್ತು ‘ಪ’ಗಳ ನಡುವೆ ಒಂದು ಸೀಟು ಖಾಲಿ. ತಮಿಳಿನ ಹೆಸರಿನ ಕೊನೆಯಲ್ಲೇ ಇರುವ ಆ ವಿಶಿಷ್ಟ ಳಕಾರದ ಸೀಟೂ ಕನ್ನಡದಲ್ಲಿ ಖಾಲಿಯೇ. ಅದಕ್ಕೆ ಸಮನಾದ ಹಳಗನ್ನಡದ ೞಕಾರ ನಮ್ಮಲ್ಲಿ ಇಲ್ಲದಿಲ್ಲ, ಆದರೆ ಅದನ್ನು ಎಲ್ಲೋ ಹಿಂದಿನ ಸಾಲಿನಲ್ಲಿ ಕೂರಿಸಿದ್ದಾರೆ.

ಅಲ್ ಕಿಂದಿಯ ಎಣಿಕೆಗೂ ಒಂದು ಡಬ್ಬಿ ಇದೆಯಲ್ಲ, ಅದನ್ನಾದರೂ ನೋಡೋಣವೆಂದು ಒಂದು ಪುಟ ಕನ್ನಡ ಹಾಕಿದೆ. ಬಂದ ಲೆಕ್ಕ ನೋಡಿ ನಗು ಬಂತು. ಆ ಡಬ್ಬಿ ಎಣಿಸುವುದು ಅಕ್ಷರಗಳನ್ನಲ್ಲ, ಬೈಟುಗಳನ್ನು. ಕಡತದಲ್ಲಿ ಕನ್ನಡದ ಪ್ರತಿ ಚಿಹ್ನೆಯೂ ಮೂರು ಬೈಟುಗಳಾಗಿ ಕೂರುತ್ತದೆ. ಮೊದಲನೆಯದು ಯಾವಾಗಲೂ 224, ಎರಡನೆಯದು 178 ಅಥವಾ 179. ಮೂರನೆಯದರಲ್ಲಿ ಮಾತ್ರ ಅಕ್ಷರದ ಗುರುತು. ಅಂದರೆ ನೀವು ಯಾವ ಕನ್ನಡ ಬರಹ ಹಾಕಿದರೂ, ಪದಗಳ ನಡುವಿನ ಜಾಗ ಮತ್ತು ವಿರಾಮಚಿಹ್ನೆಗಳನ್ನು ಬಿಟ್ಟರೆ, ಮೂರರಲ್ಲೊಂದು ಪಾಲು 224 ಎಂದೇ ಉತ್ತರ. ಊರಿನ ಜನರನ್ನು ಎಣಿಸಲು ಹೋಗಿ ಎಲ್ಲರ ಮನೆಯ ಪಿನ್‌ಕೋಡ್ ಎಣಿಸಿ ಬಂದಂತೆ.

ಕೊನೆಗೆ ಕೈ ಹಿಡಿದದ್ದು ‘ಸಬ್‌ಸ್ಟಿಟ್ಯೂಟ್’ ಎಂಬ ಬಡಪಾಯಿ ಡಬ್ಬಿ. ಅದರಲ್ಲಿ ಎರಡು ಖಾಲಿ ಜಾಗಗಳಿವೆ. ಮೇಲಿನದರಲ್ಲಿ ಇರುವ ಅಕ್ಷರ, ಕೆಳಗಿನದರಲ್ಲಿ ಅದರ ಬದಲು ಬರಬೇಕಾದ ಅಕ್ಷರ. ಯಾವ ಲಿಪಿ ಎಂದು ಅದು ಕೇಳುವುದಿಲ್ಲ. ಮೇಲೆ ಕಕಾರದಿಂದ ಳಕಾರದವರೆಗಿನ 34 ವ್ಯಂಜನಗಳನ್ನು ಶಾಲೆಯಲ್ಲಿ ಒಪ್ಪಿಸುತ್ತಿದ್ದ ಕ್ರಮದಲ್ಲೇ ಬರೆದೆವು. ಕೆಳಗೆ ಅದನ್ನೇ ಮೂರು ಮನೆ ಸರಿಸಿ ಘಕಾರದಿಂದ ಶುರುಮಾಡಿ, ಳಕಾರ ಮುಗಿದ ಮೇಲೆ ಕ, ಖ, ಗ ಸೇರಿಸಿದೆವು. ಕಾಗುಣಿತದ ಚಿಹ್ನೆಗಳನ್ನು ಮುಟ್ಟಲಿಲ್ಲ. ಈಗ ‘ಮೈಸೂರು’ ಹಾಕಿದರೆ ‘ಲೈಕೂಶು’. ‘ನಾಳೆ ಬಾ’ ಎಂದರೆ ‘ಬಾಗೆ ಯಾ’. ಬಾಯಿಗೆ ಬರುವಂಥ, ಯಾವುದೋ ಊರಿನ ಭಾಷೆಯಂತೆ ಕೇಳುವ ಗೂಢಲಿಪಿ. ಅವತ್ತಿನಿಂದ ಅಕ್ಕನ ಮನೆಯಿಂದ ಬರುವ ಮೆಸೇಜುಗಳೆಲ್ಲ ಇದೇ ಭಾಷೆಯಲ್ಲಿ. ಅಕ್ಕನಿಗೆ ಮಾತ್ರ ಕಿರಿಕಿರಿ.

ಆದರೆ ಈ ಬೀಗ ಎಷ್ಟು ಗಟ್ಟಿ? ‘ಮೈಸೂರಿನಲ್ಲಿ ಮಳೆ’ ಎಂಬುದು ‘ಲೈಕೂಶಿಬಷ್ಷಿ ಲಗೆ’ ಆಗುತ್ತದೆ. ಕೀಲಿ ಗೊತ್ತಿಲ್ಲದ ಒಬ್ಬ ಕನ್ನಡಿಗನ ಮುಂದೆ ಇದನ್ನು ಇಡಿ. ಅವನ ಕಣ್ಣು ಮೊದಲು ಹೋಗುವುದು ‘ಷ್ಷಿ’ಯ ಮೇಲೆ. ಕನ್ನಡದ ಪದದ ಕೊನೆಯಲ್ಲಿ ಗುಡಿಸು ಹೊತ್ತ ಸಜಾತಿ ಒತ್ತಕ್ಷರ ಬಂದರೆ ಅದು ಏನಾಗಿರಬಹುದು? ಮನೆಯಲ್ಲಿ, ಊರಿನಲ್ಲಿ, ಕೈಯಲ್ಲಿ. ಹತ್ತಕ್ಕೆ ಒಂಬತ್ತು ಸಲ ‘ಲ್ಲಿ’ಯೇ ಎಂದು ಊಹಿಸಬಹುದು. ಲಕಾರದಿಂದ ಷಕಾರಕ್ಕೆ ಮೂರು ಮನೆ. ಕೀಲಿ ಸಿಕ್ಕಿತು! ಸೀಸರನ ರೀತಿ ಬಿಟ್ಟು ಮನಬಂದಂತೆ ಅದಲುಬದಲು ಮಾಡಿದ್ದರೂ ‘ಅಲ್ಲಿ’, ‘ಅನ್ನು’, ‘ಗಳು’ ಎಂಬ ಬಾಲಗಳು ಒಂದಲ್ಲ ಒಂದು ಕಡೆ ಹೊರಗೆ ಇಣುಕುತ್ತವೆ. ಕೊಂಬು ಹೊತ್ತು ಮುಗಿಯುವ ಒತ್ತಕ್ಷರ ಕಂಡರೆ ‘ನ್ನು’ ಎಂದು ಊಹಿಸಿ, ಅದರಿಂದ ನಕಾರ, ಅಲ್ಲಿಂದ ಮುಂದಿನದು. ಇಂಗ್ಲಿಷಿನಲ್ಲಿ ಸ್ವರಗಳೂ ವೇಷ ಹಾಕಿಕೊಳ್ಳುತ್ತವೆ. ಕನ್ನಡದಲ್ಲಿ ವ್ಯಂಜನಕ್ಕೆ ಮಾತ್ರ ವೇಷ ಹಾಕಿದರೆ ಅದರ ತಲೆಯ ಮೇಲಿನ ಗುಡಿಸು, ಪಕ್ಕದ ಕೊಂಬು ಎಲ್ಲ ಬಯಲಲ್ಲೇ ಇರುತ್ತವೆ.

ಇಲ್ಲಿ ಒಂದು ಲೆಕ್ಕ ಹೇಳಲೇಬೇಕು. ನಮ್ಮ 34 ವ್ಯಂಜನಗಳನ್ನು ಎಷ್ಟು ಬಗೆಯಲ್ಲಿ ಅದಲುಬದಲು ಮಾಡಬಹುದು? 34ನ್ನು 33ರಿಂದ, ಅದನ್ನು 32ರಿಂದ, ಹೀಗೆ ಒಂದರವರೆಗೆ ಗುಣಿಸುತ್ತ ಹೋದರೆ ಬರುವ ಸಂಖ್ಯೆಗೆ 39 ಅಂಕಿಗಳು. ಇವತ್ತು ಲೋಕವೆಲ್ಲ ನಂಬಿರುವ ಎಇಎಸ್ ಎಂಬ ಗೂಢಲಿಪಿಯ 128 ಬಿಟ್ ಬಗೆಯಲ್ಲಿ ಸಾಧ್ಯವಿರುವ ಕೀಲಿಗಳ ಸಂಖ್ಯೆಗೂ 39 ಅಂಕಿಗಳೇ. ಎರಡೂ ಹೆಚ್ಚುಕಡಿಮೆ ಒಂದೇ ಗಾತ್ರ. ಒಂದನ್ನು ಈ ಭೂಮಿಯ ಕಂಪ್ಯೂಟರುಗಳೆಲ್ಲ ಸೇರಿ ಕೀಲಿ ಹುಡುಕುತ್ತ ಕೂತರೂ ಒಡೆಯಲಾಗದು, ಇನ್ನೊಂದನ್ನು ಒಂಬತ್ತನೇ ತರಗತಿಯ ಹುಡುಗಿ ಪೆನ್ಸಿಲ್ ಹಿಡಿದು ಒಂದು ಸಂಜೆಯಲ್ಲಿ ಒಡೆಯುತ್ತಾಳೆ. ಕೀಲಿಗಳ ಸಂಖ್ಯೆ ನೋಡಿ ಬೀಗ ಕೊಳ್ಳುವವರು ಈ ಸಲಕರಣೆಯ ಮುಂದೆ ಒಂದು ಗಂಟೆ ಕೂರಬೇಕು. ಎಇಎಸ್ ಗಟ್ಟಿಯಾಗಿರುವುದು ಮೂಲ ಪಠ್ಯದ ಚಾಳಿಗಳನ್ನೆಲ್ಲ ಅದು ಅರೆದು ನುಣ್ಣಗೆ ಮಾಡುವುದರಿಂದ. ಹಳೆಯ ಗೂಢಲಿಪಿಗಳಲ್ಲಿ ಕಾಳು ಕಾಳಾಗಿಯೇ ಉಳಿದಿರುತ್ತದೆ.

ಕಾಳು ಮುಚ್ಚಲು ಯುರೋಪಿನವರು ಹೂಡಿದ ಉಪಾಯವೇ ಮೇಲೆ ಹೇಳಿದ ವಿಜನೇರ್. ಒಂದೇ ಸರಿತದ ಬದಲು ಒಂದು ಕೀಲಿಪದ. ಅದರ ಮೊದಲ ಅಕ್ಷರ ಹೇಳಿದಷ್ಟು ಮನೆ ಪಠ್ಯದ ಮೊದಲ ಅಕ್ಷರಕ್ಕೆ, ಎರಡನೆಯದು ಹೇಳಿದಷ್ಟು ಎರಡನೆಯದಕ್ಕೆ, ಪದ ಮುಗಿದರೆ ಮತ್ತೆ ಮೊದಲಿನಿಂದ. ಇದನ್ನು 1553ರಲ್ಲಿ ಮೊದಲು ವಿವರಿಸಿದವನು ಇಟಲಿಯ ಬೆಲ್ಲಾಸೊ, ಹೆಸರು ಹೋದದ್ದು ಫ್ರಾನ್ಸಿನ ವಿಜನೇರ್‌ಗೆ. ಬಿಡಿಸಲಾಗದ ಲಿಪಿ ಎಂದು ಮುನ್ನೂರು ವರ್ಷ ಮೆರೆಯಿತು. 1863ರಲ್ಲಿ ಪ್ರಷ್ಯದ ಸೇನಾಧಿಕಾರಿ ಕಸಿಸ್ಕಿ ಅದನ್ನು ಬಿಡಿಸುವ ವಿಧಾನವನ್ನು ಅಚ್ಚು ಹಾಕಿಸಿದ. ಗೂಢಪಠ್ಯದಲ್ಲಿ ಒಂದೇ ತುಣುಕು ಎರಡು ಕಡೆ ಕಂಡರೆ ಅವುಗಳ ನಡುವಿನ ಅಂತರ ಕೀಲಿಪದದ ಉದ್ದದ ಸುಳಿವು ಕೊಡುತ್ತದೆ ಎಂಬುದು ಅವನ ಸೂತ್ರ. ಕಂಪ್ಯೂಟರಿನ ಪಿತಾಮಹ ಚಾರ್ಲ್ಸ್ ಬ್ಯಾಬೇಜ್ ಅದಕ್ಕೂ ಮೊದಲೇ ಕಂಡುಕೊಂಡಿದ್ದ, ಪ್ರಕಟಿಸಲಿಲ್ಲ.

ಇವೆಲ್ಲ ಮಕ್ಕಳಾಟ ಅನ್ನಿಸಿದರೆ ಮೇರಿ ರಾಣಿಯ ಕಥೆ ಕೇಳಬೇಕು. ಸ್ಕಾಟ್ಲೆಂಡಿನ ರಾಣಿ ಮೇರಿ 1568ರಿಂದ ಇಂಗ್ಲೆಂಡಿನಲ್ಲಿ ಎಲಿಜಬೆತ್ ರಾಣಿಯ ಸೆರೆಯಲ್ಲಿದ್ದಳು. ಬಿಯರ್ ಪೀಪಾಯಿಯಲ್ಲಿ ಬಚ್ಚಿಟ್ಟು ಸಾಗಿಸುತ್ತಿದ್ದ ಅವಳ ಗೂಢ ಪತ್ರಗಳು ಎಲಿಜಬೆತ್ತಳ ಬೇಹುಗಾರಿಕೆಯ ಮುಖ್ಯಸ್ಥ ವಾಲ್ಸಿಂಗ್‌ಹ್ಯಾಮ್‌ನ ಕೈ ಸೇರುತ್ತಿದ್ದವು. ಅವನ ಬಂಟ ಫಿಲಿಪ್ಸ್ ಅಕ್ಷರಗಳ ಎಣಿಕೆಯಲ್ಲಿ ಪಳಗಿದವನು. 1586ರಲ್ಲಿ ಎಲಿಜಬೆತ್ತಳನ್ನು ಕೊಲ್ಲುವ ಸಂಚಿಗೆ ಮೇರಿ ಉತ್ತರಿಸಿದ ಪತ್ರವನ್ನು ಅವನು ಬಿಡಿಸಿದ್ದಷ್ಟೇ ಅಲ್ಲ, ಸಂಚುಗಾರರ ಹೆಸರು ಕೇಳುವ ಒಂದು ಸುಳ್ಳು ಒಕ್ಕಣೆಯನ್ನೂ ಅದೇ ಲಿಪಿಯಲ್ಲಿ ಕೊನೆಗೆ ಸೇರಿಸಿದ. 1587ರ ಫೆಬ್ರುವರಿ 8ರಂದು ಮೇರಿಯ ತಲೆ ಉರುಳಿತು.

ನಾನ್ನೂರು ವರ್ಷಗಳಾದ ಮೇಲೆ ಪ್ಯಾರಿಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿ ಇಟಲಿಗೆ ಸಂಬಂಧಿಸಿದವೆಂದು ಪಟ್ಟಿಯಾಗಿದ್ದ ಒಂದಷ್ಟು ಗೂಢ ಕಾಗದಗಳು ಮೂವರು ಹವ್ಯಾಸಿಗಳ ಕಣ್ಣಿಗೆ ಬಿದ್ದವು. ಇಸ್ರೇಲಿನ ಕಂಪ್ಯೂಟರ್ ತಜ್ಞ ಜಾರ್ಜ್ ಲಾಸ್ರಿ, ಜರ್ಮನಿಯ ಸಂಗೀತ ಪ್ರಾಧ್ಯಾಪಕ ನೊರ್ಬರ್ಟ್ ಬೀರ್ಮನ್, ಜಪಾನಿನ ಸತೋಶಿ ತೊಮೊಕಿಯೊ. ಪತ್ರಗಳಲ್ಲಿ ಹೆಸರಿಲ್ಲ, ಊರಿಲ್ಲ, ಬರಿ ಚಿತ್ರದಂಥ ಚಿಹ್ನೆಗಳು. ಒಂದೊಂದು ಅಕ್ಷರಕ್ಕೆ ಹಲವು ಚಿಹ್ನೆ, ವ್ಯಕ್ತಿಗಳಿಗೆ ಬೇರೆ ಚಿಹ್ನೆ, ತಿಂಗಳುಗಳಿಗೆ ಬೇರೆ. ಅಲ್ ಕಿಂದಿಯ ಎಣಿಕೆ ತಪ್ಪಿಸಲೆಂದೇ ಹೂಡಿದ ಉಪಾಯ ಇದು. ಚಿಹ್ನೆಗಳನ್ನೆಲ್ಲ ಕಂಪ್ಯೂಟರಿಗೆ ಇಳಿಸಿ ಒಂದು ಪ್ರೋಗ್ರಾಮಿಗೆ ಒಪ್ಪಿಸಿದರು. ಅದು ಮಾಡುವುದು ನಮ್ಮ ಅಡುಗೆಯವರು ಉಪ್ಪು ಹಾಕುವಂತೆಯೇ. ಯಾವುದೋ ಒಂದು ಕೀಲಿ ಹಿಡಿದು ಶುರುಮಾಡು, ಒಂದು ಚಿಟಿಕೆ ಬದಲಿಸು, ರುಚಿ ನೋಡು. ಬಂದದ್ದು ಮನುಷ್ಯರ ಭಾಷೆಗೆ ಇನ್ನಷ್ಟು ಹತ್ತಿರವಾದರೆ ಇರಲಿ, ಇಲ್ಲವಾದರೆ ತೆಗೆ. ಇಟಾಲಿಯನ್ ಎಂದು ಹೊರಟವರಿಗೆ ಭಾಷೆ ಫ್ರೆಂಚ್ ಎಂದು ತಿಳಿಯಿತು. ಆಮೇಲೆ ಸ್ತ್ರೀಲಿಂಗದ ರೂಪಗಳು, ಸೆರೆವಾಸದ ಮಾತು, ಕೊನೆಗೆ ವಾಲ್ಸಿಂಗ್‌ಹ್ಯಾಮ್‌ನ ಹೆಸರು. ಒಟ್ಟು 57 ಪತ್ರಗಳು, 1578ರಿಂದ 1584ರ ನಡುವಿನವು, ಬಹುಪಾಲು ಇಂಗ್ಲೆಂಡಿನಲ್ಲಿದ್ದ ಫ್ರೆಂಚ್ ರಾಯಭಾರಿಗೆ ಬರೆದವು. ಸುಮಾರು 50 ಸಾವಿರ ಪದಗಳು. ಈ ಶೋಧ ಪ್ರಕಟವಾದದ್ದು 2023ರ ಫೆಬ್ರುವರಿ 8ರಂದು, ಅವಳ ತಲೆ ಬಿದ್ದ ದಿನವೇ.

ಇಷ್ಟು ದೊಡ್ಡ ಕೆಲಸ ಸೈಬರ್‌ಶೆಫ್‌ನ ಒಲೆಯ ಮೇಲೆ ಆಗುವುದಿಲ್ಲ, ಅದಕ್ಕೆ ದೊಡ್ಡ ಹಂಡೆ ಬೇಕು. 1998ರಲ್ಲಿ ಜರ್ಮನಿಯ ಬ್ಯಾಂಕೊಂದರಲ್ಲಿ ನೌಕರರ ತಿಳಿವಳಿಕೆಗೆಂದು ಶುರುವಾದ ಕ್ರಿಪ್‌ಟೂಲ್ ಎಂಬ ಉಚಿತ ಸಾಫ್ಟ್‌ವೇರ್ ಅಂಥದ್ದು. ಹೀಗೆ ರುಚಿ ನೋಡುತ್ತ ಬಿಡಿಸುವ ವಿಧಾನಗಳು ಅದರಲ್ಲಿವೆ. ಕಲಿಯುವವರಿಗೆ ಮೊದಲು ಸೈಬರ್‌ಶೆಫ್, ಆಮೇಲೆ ಇದು ಎಂಬುದು ನನ್ನ ಮತ.

ನಮ್ಮಲ್ಲಿ ಇಂಥದ್ದು ಇರಲಿಲ್ಲವೇ ಎಂದು ಕೇಳುವವರು ಇದ್ದೇ ಇರುತ್ತಾರೆ. ಇತ್ತು. ವಾತ್ಸ್ಯಾಯನನ ಕಾಮಸೂತ್ರದ 64 ಕಲೆಗಳ ಪಟ್ಟಿಯಲ್ಲಿ ಮ್ಲೇಚ್ಛಿತವಿಕಲ್ಪ ಎಂಬ ಗೂಢಭಾಷೆಯ ಕಲೆಯೂ ಒಂದು. ಅದಕ್ಕೆ ಯಶೋಧರ ಬರೆದ ಜಯಮಂಗಲಾ ವ್ಯಾಖ್ಯಾನ ಮೂಲದೇವೀಯ ಎಂಬ ಬಗೆಯನ್ನು ವಿವರಿಸುತ್ತದೆ. ಗೊತ್ತುಮಾಡಿದ ಅಕ್ಷರಗಳ ಜೋಡಿಗಳನ್ನು ಪರಸ್ಪರ ಅದಲುಬದಲು ಮಾಡುವುದು, ಉಳಿದವನ್ನು ಹಾಗೇ ಬಿಡುವುದು. ಜೋಡಿ ಅದಲುಬದಲಾದ್ದರಿಂದ ಎರಡು ಸಲ ಮಾಡಿದರೆ ಮೂಲವೇ ಬರುತ್ತದೆ, ಥೇಟ್ ರಾಟ್ 13ರಂತೆ. ಆ ಜೋಡಿಗಳನ್ನು ಸಬ್‌ಸ್ಟಿಟ್ಯೂಟ್ ಡಬ್ಬಿಯಲ್ಲಿ ಹಾಕಿ ಆಡಬಹುದು. ಕನ್ನಡದ್ದೇ ಎಂದರೆ ಕುಮುದೇಂದು ಮುನಿಯ ಸಿರಿಭೂವಲಯ. ಉದ್ದಕ್ಕೆ 27, ಅಡ್ಡಕ್ಕೆ 27 ಮನೆಗಳ ಚೌಕಗಳಲ್ಲಿ 1ರಿಂದ 64ರವರೆಗಿನ ಅಂಕಿಗಳು. ಪ್ರತಿ ಅಂಕಿಗೂ ಒಂದು ಧ್ವನಿ. ಗೊತ್ತಾದ ದಾರಿಯಲ್ಲಿ ಮನೆಯಿಂದ ಮನೆಗೆ ನಡೆದರೆ ಪದ್ಯ. ಕರ್ಲಮಂಗಲಂ ಶ್ರೀಕಂಠಯ್ಯ, ಯಲ್ಲಪ್ಪ ಶಾಸ್ತ್ರಿಗಳ ಶ್ರಮದಿಂದ 1953ರಲ್ಲಿ ಅಚ್ಚಾಯಿತು. ಅದರ ಕಾಲ, ಅದರಲ್ಲಿ ಏನೇನಿದೆ ಎಂಬ ಬಗ್ಗೆ ವಿದ್ವಾಂಸರ ಜಗಳ ಮುಗಿದಿಲ್ಲ. ನನಗೆ ಮುಖ್ಯವಾಗಿ ಕಂಡದ್ದು ಇನ್ನೊಂದು ಸಂಗತಿ. ವ್ಯಂಜನವೂ ಸ್ವರವೂ ಬೇರೆ ಬೇರೆ ಅಂಕಿಗಳಾದ್ದರಿಂದ, ನಮ್ಮ ಆಟದ ಗೂಢಲಿಪಿಯಲ್ಲಿ ಬಯಲಾಗಿದ್ದ ಕೊಂಬು, ಗುಡಿಸು ಅಲ್ಲಿ ಮುಚ್ಚಿಹೋಗಿವೆ.

ಒಂದು ಎಚ್ಚರಿಕೆ ಹೇಳದೆ ಮುಗಿಸುವಂತಿಲ್ಲ. ಕಳೆದ ವರ್ಷ ಒಂದು ಸಂಸ್ಥೆಯವರು ನನಗೊಂದು ಪಾಸ್‌ವರ್ಡ್ ಕಳಿಸಿ, ಗೂಢಲಿಪಿಯಲ್ಲಿದೆ, ಹೆದರಬೇಡಿ ಎಂದರು. ಕೊನೆಯಲ್ಲಿ ಎರಡು ಸಮಚಿಹ್ನೆ ಅಂಟಿಕೊಂಡಿದ್ದ ಸಾಲು ನೋಡಿದ ಕೂಡಲೇ ಗೊತ್ತಾಯಿತು, ಅದು ಬೇಸ್ 64. ಸೈಬರ್‌ಶೆಫ್‌ಗೆ ಹಾಕಿದೆ, ಕ್ಷಣದಲ್ಲಿ ಪಾಸ್‌ವರ್ಡ್ ಕೆಳಗಿತ್ತು. ಬೇಸ್ 64 ಗೂಢಲಿಪಿಯೇ ಅಲ್ಲ, ಅದಕ್ಕೆ ಕೀಲಿಯೂ ಇಲ್ಲ. ಕಡತಗಳು ಮಿಂಚಂಚೆಯಲ್ಲಿ ಕೆಡದೆ ಸಾಗಲೆಂದು ಮಾಡಿದ ಬರಿಯ ಪೊಟ್ಟಣ ಅದು. ಸೀಸರ್, ವಿಜನೇರ್, ಮೂಲದೇವೀಯ ಯಾವುದರಲ್ಲೂ ನಿಮ್ಮ ಬ್ಯಾಂಕಿನ ಗುಟ್ಟು ಇಡಬೇಡಿ. ಇವು ಬಚ್ಚಿಡಲಿಕ್ಕಲ್ಲ, ಒಡೆಯುವುದನ್ನು ಕಲಿಯಲಿಕ್ಕೆ.

ಕಲಿಯಲು ಇವತ್ತೇ ಶುರುಮಾಡಿ. ಅಕ್ಕನ ಮಗಳು ಮೊನ್ನೆ ಕಳಿಸಿದ ಸಾಲು ಕೆಳಗಿದೆ. ಮೇಲೆ ಹೇಳಿದ 34 ವ್ಯಂಜನಗಳ ಸರಿತವೇ, ಸ್ವರ ಮತ್ತು ಕಾಗುಣಿತ ಮುಟ್ಟಿಲ್ಲ, ಆದರೆ ಸರಿಸಿದ್ದು ಮೂರು ಮನೆಯಲ್ಲ. ಮೊದಲ ಪದ ನೋಡಿ ಮೋಸಹೋಗಬೇಡಿ, ಅದು ತಾನಾಗಿ ಹಾಗೆ ಬಂದದ್ದು. ಒತ್ತಕ್ಷರದಿಂದ ಶುರುಮಾಡಿ.

ಚಾಕು ಉಜ್ಜಿಬು ಒಕೆ ಆಳಿಙು